ಎರಡು ಯೂನಿಟ್‌ನ ಮೆಶ್ ರೌಟರ್: ಒಂದೂವರೆ ವರ್ಷ ಬಳಸಿದ ಮೇಲೆ

ಮೆಶ್ ಎಂದರೆ ಮನೆಯ ಬೇರೆ ಬೇರೆ ಕಡೆ ಇಟ್ಟ ಯೂನಿಟ್‌ಗಳು ಸೇರಿ ಒಂದೇ ವೈಫೈ ಕೊಡುವ ವ್ಯವಸ್ಥೆ. ಮೊದಲ ಆರು ತಿಂಗಳಿಗೆ ಎರಡು ಸ್ಟಾರ್, ಆಮೇಲಿನದಕ್ಕೆ ನಾಲ್ಕು. ನಡುವೆ ಹೊಸದಾಗಿ ಬಂದಿದ್ದು ಎರಡು ಯೂನಿಟ್‌ಗಳ ಮಧ್ಯೆ 18 ಮೀಟರ್ ಕೇಬಲ್, ಅಷ್ಟೇ.

ಮನೆ ದಾವಣಗೆರೆಯ ಬಡಾವಣೆಗಳಲ್ಲಿ ಕಾಣುವಂಥದ್ದೇ: 30×40 ಸೈಟು, ಕೆಳಗೊಂದು ಮಹಡಿ, ಮೇಲೊಂದು, ತಾರಸಿಯಲ್ಲಿ ತಗಡಿನ ರೂಮು. ಫೈಬರ್ ಬಂದು ನಿಲ್ಲುವುದು ಹಾಲಿನ ಟಿವಿ ಹಿಂದೆ. ಅಲ್ಲಿಂದ ಮೇಲಿನ ಹಿಂಬದಿ ರೂಮಿಗೆ ಸಿಗ್ನಲ್ ಹೋಗಬೇಕಾದರೆ ಒಂದು ಆರ್‌ಸಿಸಿ ಸ್ಲ್ಯಾಬು, ಎರಡು ಗೋಡೆ, ಒಂದು ಕಬ್ಬಿಣದ ಬೀರು ದಾಟಬೇಕು. ಡಬ್ಬದ ಮೇಲಿನ ಚದರಡಿ ಲೆಕ್ಕ ನೋಡಿ ಕೊಂಡರೆ ಇಲ್ಲೇ ಮೋಸ ಹೋಗುವುದು. ಚಿತ್ರದುರ್ಗದ ಹಳೇ ಊರಿನ ದಪ್ಪ ಕಲ್ಲುಗೋಡೆಯ ಮನೆಗಳಲ್ಲಂತೂ ಕೇಳುವುದೇ ಬೇಡ.

ಇದು ಡ್ಯುಯಲ್ ಬ್ಯಾಂಡ್ ಕಿಟ್, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್‌ನ ಎರಡು ರೇಡಿಯೊ ಇರುವಂಥದ್ದು; ವೇಗದ ದರ್ಜೆ ಎಸಿ1200. ವೈರ್ ಇಲ್ಲದೆ ಜೋಡಿಸಿದರೆ ಮೇಲಿನ ಯೂನಿಟ್ ಅದೇ 5 ಗಿಗಾಹರ್ಟ್ಸ್ ರೇಡಿಯೊದಲ್ಲಿ ಕೆಳಗಿನಿಂದ ಡೇಟಾ ತೆಗೆದುಕೊಳ್ಳಬೇಕು, ಅದರಲ್ಲೇ ಫೋನಿಗೂ ಕೊಡಬೇಕು. ಹೀಗಾಗಿ ವೇಗ ಹೆಚ್ಚೂಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ನಡುವೆ ಸ್ಲ್ಯಾಬು ಬಂದರೆ ಉಳಿದ ಅರ್ಧವೂ ಸೊರಗುತ್ತದೆ. ಫೋನಿನಲ್ಲಿ ಸಿಗ್ನಲ್ ಕಡ್ಡಿ ಮಾತ್ರ ಪೂರ್ತಿ ಇರುತ್ತದೆ, ಏಕೆಂದರೆ ಅದು ಪಕ್ಕದಲ್ಲೇ ಕೂತಿರುವ ಯೂನಿಟ್‌ನದು. ಕಡ್ಡಿ ತುಂಬಿದೆ, ವಿಡಿಯೊ ಕಾಲ್ ಮಾತ್ರ ತಡವರಿಸುತ್ತಿದೆ ಎಂದರೆ ಕಾಯಿಲೆ ಇದೇ. ಮೂರನೇ ಯೂನಿಟ್ ತಂದರೆ ವಾಸಿಯಾಗುವುದಿಲ್ಲ.

ಕೇಬಲ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಕೆಡುವುದೇ ಇಲ್ಲಿ. ಕ್ಯಾಟ್6 ದರ್ಜೆಯ ನೆಟ್‌ವರ್ಕ್ ಕೇಬಲ್ ಕೇಳಿ, ಅದರಲ್ಲೂ ಪೂರಾ ತಾಮ್ರದ್ದು ಕೇಳಿ. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಕೇಬಲ್ ಹೊರಗಿನಿಂದ ಥೇಟ್ ಅದರಂತೆಯೇ ಕಾಣುತ್ತದೆ. ಒಂದು ಎಳೆ ಸುಲಿದು ಬ್ಲೇಡಿನಿಂದ ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಎರಡು ತುದಿಯಲ್ಲೂ ಬಣ್ಣದ ಕ್ರಮ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟೂ ಎಳೆ ಸರಿಯಾಗಿ ಕೂರಬೇಕು. ನಾಲ್ಕೇ ಎಳೆ ಕೂತರೂ ನೆಟ್ ಬರುತ್ತದೆ, ಆದರೆ ಲಿಂಕ್‌ನ ವೇಗ 1000 ಎಂಬಿಪಿಎಸ್ ಬದಲು 100ಕ್ಕೆ ನಿಲ್ಲುತ್ತದೆ. 100 ಎಂಬಿಪಿಎಸ್ ಪ್ಲಾನ್ ಇರುವವರಿಗೆ ಅದು ಗೊತ್ತೂ ಆಗುವುದಿಲ್ಲ. ಪ್ಲಾನ್ ಏರಿಸಿದ ದಿನ ತಲೆ ಕೆಡುತ್ತದೆ. ಹೊರಗೋಡೆ ಮೇಲೆ ಎಳೆಯಬೇಡಿ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನ ಹೊಡೆತಕ್ಕೆ ಮೊದಲು ಸಾಯುವುದು ಕೇಬಲ್ ಚುಚ್ಚುವ ಲ್ಯಾನ್ ಪೋರ್ಟ್. ಮೆಟ್ಟಿಲಿನ ಪಕ್ಕದಲ್ಲಿ ಬೇರೆ ಪೈಪ್ ಹಾಕಿಸಿ. 230 ವೋಲ್ಟ್ ವೈರಿನ ಪೈಪಿನೊಳಗೇ ತೂರಿಸುವುದಂತೂ ಬೇಡ.

ಇನ್ನೊಂದು ಮಾತು. ಫೈಬರ್ ಡಬ್ಬಿಯ ವೈಫೈ ಆಫ್ ಮಾಡಿ, ಮೆಶ್ ಅನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ವೈಫೈ ಮಾತ್ರ ಹಂಚುತ್ತದೆ, ರೌಟರ್ ಕೆಲಸ ಫೈಬರ್ ಡಬ್ಬಿಯದು. ಎರಡೂ ರೌಟರ್ ಕೆಲಸ ಮಾಡುತ್ತಿದ್ದರೆ ಸಿಸಿಟಿವಿಯನ್ನು ಹೊರಗಿನಿಂದ ನೋಡುವಾಗ, ಕೆಲವು ಗೇಮ್‌ಗಳಲ್ಲಿ ತಕರಾರು ಶುರುವಾಗುತ್ತದೆ. ಈ ಮೋಡ್‌ನಲ್ಲಿ ಮಕ್ಕಳ ಫೋನಿಗೆ ಸಮಯ ಮಿತಿ ಹಾಕುವ ಸೌಲಭ್ಯ ಕೈಬಿಟ್ಟು ಹೋಗುತ್ತದೆ, ಅದು ಬೇಕಾದವರು ಮೊದಲೇ ಯೋಚಿಸಿ.

ಕರೆಂಟಿನ ವಿಷಯದಲ್ಲಿ ಇನ್ನೂ ಬೇಸರ ಇದೆ. ಇನ್ವರ್ಟರ್ ಇದ್ದರೂ ಕರೆಂಟ್ ಹೋದ ಕ್ಷಣ ಎರಡೂ ಯೂನಿಟ್ ರೀಸ್ಟಾರ್ಟ್ ಆಗುತ್ತಿದ್ದವು. ದೀಪ ಮತ್ತೆ ಹಸಿರಾಗಲು ಎರಡು-ಮೂರು ನಿಮಿಷ. ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಒತ್ತಿದರೆ ಬದಲಾವಣೆ ಬೇಗ ಆಗುತ್ತದೆ, ರೌಟರ್‌ಗೆ ತಿಳಿಯುವುದೇ ಇಲ್ಲ. ಆದರೆ ಸಂಜೆ ವೋಲ್ಟೇಜ್ ಕುಸಿಯುವ ಏರಿಯಾದಲ್ಲಿ ಈ ಮೋಡ್ ಪದೇಪದೇ ಬ್ಯಾಟರಿಗೆ ಹೋಗುತ್ತದೆ. ಅಂಥ ಕಡೆ 12 ವೋಲ್ಟ್‌ನ ಮಿನಿ ಯುಪಿಎಸ್ ವಾಸಿ. ಫೈಬರ್ ಡಬ್ಬಿಗೊಂದು, ಪ್ರತಿ ಯೂನಿಟ್‌ಗೊಂದು. ಅಡಾಪ್ಟರ್ ಮೇಲೆ ಬರೆದ ಆಂಪಿಯರ್‌ಗಿಂತ ಕಡಿಮೆಯದು ತರಬೇಡಿ.

ಇಷ್ಟು ಮಾಡಿದ ಮೇಲೆ ಸಿಕ್ಕಿದ್ದು ನಿರೀಕ್ಷೆಗೆ ಮೀರಿದ ಸುಖ. ಸಂಜೆ ಹಾಲಿನಲ್ಲಿ ಶುರುವಾದ ವಿಡಿಯೊ ಕಾಲ್, ಒಂದು ಕೈಯಲ್ಲಿ ಮಂಡಕ್ಕಿ-ಮಿರ್ಚಿ ತಟ್ಟೆ ಹಿಡಿದು ಮೆಟ್ಟಿಲು ಹತ್ತುವಾಗ, ತಿರುವಿನ ಹತ್ತಿರ ಕೆಳಗಿನ ಯೂನಿಟ್ ಬಿಟ್ಟು ಮೇಲಿನದನ್ನು ಹಿಡಿಯುತ್ತದೆ. ಮುಖ ಅರೆಕ್ಷಣ ಮಸುಕಾಗಿ ಸರಿಹೋಗುತ್ತದೆ, ಮಾತು ಕಡಿಯುವುದಿಲ್ಲ. ಮೇಲಿನ ಯೂನಿಟ್ ರೂಮಿನ ಮೂಲೆ ಬಿಟ್ಟು ಮೆಟ್ಟಿಲ ಬಾಗಿಲ ಪಕ್ಕ, ಎದೆಮಟ್ಟಕ್ಕೆ ಇಟ್ಟಿದ್ದರಿಂದ ಇದು ಸಾಧ್ಯವಾಯಿತು. ತಾರಸಿಯಲ್ಲಿ ನೀರಿನ ಟ್ಯಾಂಕ್ ಹಿಂದೆ ಹೋದರೆ ಮಾತ್ರ ಸಿಗ್ನಲ್ ಬೀಳುತ್ತದೆ, ನೀರು ಅದನ್ನು ಹೀರಿಕೊಳ್ಳುತ್ತದೆ. ತಗಡಿನ ರೂಮಿಗೆ ಬಾಗಿಲು ತೆರೆದಿದ್ದರೆ ಮಾತ್ರ ನೆಟ್.

ಕೇಬಲ್ ಎಳೆಯಲು ದಾರಿ ಇರುವವರು ಇದೇ ಅಗ್ಗದ ಕಿಟ್ ಕೊಳ್ಳಿ. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರು ಒಪ್ಪುವುದಿಲ್ಲ ಎನ್ನುವವರು ಇದನ್ನು ಬಿಟ್ಟು ಯೂನಿಟ್‌ಗಳ ನಡುವಿನ ಸಂಪರ್ಕಕ್ಕೆ ಇನ್ನೊಂದು ರೇಡಿಯೊ ಇರುವ ಟ್ರೈ ಬ್ಯಾಂಡ್ ಕಿಟ್‌ಗೆ ದುಡ್ಡು ಕೂಡಿಸಿ.