ಅಪ್ಪೆಮಿಡಿ, ಹಪ್ಪಳ, ವೂಕಾಮರ್ಸ್: ಮೊದಲ ಆನ್‌ಲೈನ್ ಅಂಗಡಿ ಕಟ್ಟಿದ ಮೇಲೆ ಬರೆದ ರಿವ್ಯೂ

ನಮ್ಮೂರು ಶಿರಸಿ ಹತ್ರ. ಆಯಿ ಮತ್ತೆ ದೊಡ್ಡಾಯಿ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನಕಾಯಿ ಹಪ್ಪಳ, ಕೋಕಂ ಸಿರಪ್ ಮಾಡ್ತಾರೆ, ಮಾರೋ ಕೆಲಸ ನಂದು. ಎರಡು ವರ್ಷ ಪೂರ್ತಿ ವಾಟ್ಸಾಪ್‌ನಲ್ಲೇ ನಡೀತು. ಅಡ್ರೆಸ್ ಒಂದು ಚಾಟಲ್ಲಿ, ದುಡ್ಡು ಹಾಕಿದ ಸ್ಕ್ರೀನ್‌ಶಾಟ್ ಇನ್ನೊಂದು ಚಾಟಲ್ಲಿ, ಯಾರಿಗೆ ಅರ್ಧ ಕೆಜಿ ಯಾರಿಗೆ ಒಂದು ಕೆಜಿ ಅಂತ ನೋಟ್‌ಬುಕ್ಕಲ್ಲಿ, ಹೀಗೇ ಇರೋವಾಗ ಹೋದ ವರ್ಷ ಮಿಡಿ ಸೀಸನ್‌ನಲ್ಲಿ ಇದ್ದ ಮಾಲಿಗಿಂತ ಜಾಸ್ತಿ ಆರ್ಡರ್ ತಗೊಂಡುಬಿಟ್ಟೆ. ಆಮೇಲೆ ಎಷ್ಟೋ ಜನಕ್ಕೆ ಫೋನ್ ಮಾಡಿ ಇಲ್ಲ ಅಂತ ಹೇಳಿ ದುಡ್ಡು ವಾಪಸ್ ಹಾಕಬೇಕಾಯ್ತು, ಅವತ್ತೇ ನಮ್ಮದೇ ವೆಬ್‌ಸೈಟ್ ಮಾಡ್ಬೇಕು ಅಂತ ತೀರ್ಮಾನ ಮಾಡ್ದೆ. ಕೋಡಿಂಗ್ ನಂಗೆ ಒಂದಕ್ಷರ ಬರಲ್ಲ, ಓದಿದ್ದು ಬಿಕಾಂ.

ಆನ್‌ಲೈನ್ ಅಂಗಡಿ ಕಟ್ಟೋಕೆ ನೋಡಿದ್ದು ಎರಡೇ, ಶಾಪಿಫೈ ಮತ್ತೆ ವೂಕಾಮರ್ಸ್. ಶಾಪಿಫೈ ಸುಲಭ, ಅದ್ರಲ್ಲಿ ಎರಡು ಮಾತಿಲ್ಲ. ಹೋಸ್ಟಿಂಗ್ (ಸೈಟ್ ಇಡೋಕೆ ಇಂಟರ್ನೆಟ್‌ನಲ್ಲಿ ಜಾಗ), ಸೆಕ್ಯುರಿಟಿ ಎಲ್ಲ ಅವರೇ ನೋಡ್ಕೊಳ್ತಾರೆ, ಒಂದು ಸಂಜೆ ಕೂತ್ರೆ ಅಂಗಡಿ ರೆಡಿ ಆಗತ್ತೆ. ಆದ್ರೆ ವ್ಯಾಪಾರ ಆಗ್ಲಿ ಬಿಡ್ಲಿ ಪ್ರತಿ ತಿಂಗಳು ಬಾಡಿಗೆ ಕಟ್ಟಬೇಕು. ಅವರದೇ ಪೇಮೆಂಟ್ ವ್ಯವಸ್ಥೆ ಇಂಡಿಯಾದಲ್ಲಿ ಇಲ್ಲ, ಬೇರೆಯವರ ಗೇಟ್‌ವೇ (ಗಿರಾಕಿ ಹತ್ರ ದುಡ್ಡು ತಗೊಂಡು ನಮ್ಮ ಖಾತೆಗೆ ಹಾಕೋ ಸೇವೆ) ಹಾಕಿಕೊಳ್ಳಬೇಕು, ಹಾಗೆ ಹಾಕಿಕೊಂಡ್ರೆ ಬೇಸಿಕ್ ಪ್ಲಾನ್‌ನಲ್ಲಿ ಪ್ರತಿ ಆರ್ಡರ್ ಮೇಲೆ ಇನ್ನೂ 2% ಅವರಿಗೆ, ಗೇಟ್‌ವೇಯವರ ಚಾರ್ಜು ಬೇರೆ. ನಮ್ಮದು ಸೀಸನ್ ಕೆಲಸ. ಮಾರ್ಚ್‌ನಿಂದ ಜೂನ್‌ವರೆಗೆ ಜೋರು, ಮಳೆಗಾಲದಲ್ಲಿ ಹೆಚ್ಚುಕಮ್ಮಿ ಏನೂ ಇಲ್ಲ. ಖಾಲಿ ಕೂತ ತಿಂಗಳಿಗೂ ಬಾಡಿಗೆ ಕೊಡೋಕೆ ಮನಸ್ಸು ಬರ್ಲಿಲ್ಲ. ವೂಕಾಮರ್ಸ್ ಅಂದ್ರೆ ವರ್ಡ್‌ಪ್ರೆಸ್ ಅನ್ನೋ ವೆಬ್‌ಸೈಟ್ ಕಟ್ಟೋ ಸಾಫ್ಟ್‌ವೇರ್ ಮೇಲೆ ಹಾಕೋ ಪ್ಲಗಿನ್ (ಸೇರಿಸಿಕೊಳ್ಳೋ ತುಣುಕು), 2011ರಿಂದ ಇದೆ, ಅದಕ್ಕೆ ದುಡ್ಡಿಲ್ಲ. ಡೊಮೇನ್ (ಸೈಟ್‌ನ ಹೆಸರು) ಮತ್ತೆ ಹೋಸ್ಟಿಂಗ್‌ಗೆ ಮಾತ್ರ ಖರ್ಚು. ಹೋಸ್ಟಿಂಗ್ ತಗೊಳ್ಳೋವಾಗ ಮೊದಲ ವರ್ಷದ ರೇಟ್ ನೋಡಬೇಡಿ, ರಿನ್ಯೂವಲ್ ರೇಟ್ ನೋಡಿ, ನಂಗೆ ಎರಡನೇ ವರ್ಷಕ್ಕೆ ಎರಡು ಪಟ್ಟಿಗಿಂತ ಜಾಸ್ತಿ ತೋರಿಸ್ತು.

ಪ್ಲಗಿನ್ ಹಾಕಿ, ಊರಿನ ಹೆಸರು ಕರೆನ್ಸಿ ಎಲ್ಲ ತುಂಬಿ, ಥೀಮ್ (ಸೈಟ್ ಕಾಣೋ ರೂಪ) ಆರಿಸೋಕೆ ಕೂತೆ. ಇಲ್ಲಿ ಹತ್ತು ದಿನ ವೇಸ್ಟ್ ಆಯ್ತು ಕಣ್ರೀ. ಬಣ್ಣ ಬದಲಾಯಿಸು, ಬ್ಯಾನರ್ ಬದಲಾಯಿಸು, ಇದೇ. ಈಗ ಲೆಕ್ಕ ನೋಡಿದ್ರೆ ನಮ್ಮ ಗಿರಾಕಿಗಳು ಮುಕ್ಕಾಲು ಪಾಲು ಹೋಮ್ ಪೇಜ್ ನೋಡೋದೇ ಇಲ್ಲ, ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿ ಸೀದಾ ಉಪ್ಪಿನಕಾಯಿ ಪೇಜಿಗೆ ಬರ್ತಾರೆ, ಅಲ್ಲಿಂದ ಅಡ್ರೆಸ್ ಬರೆದು ದುಡ್ಡು ಕಟ್ಟೋ ಚೆಕ್‌ಔಟ್ ಪೇಜಿಗೆ ಹೋಗ್ತಾರೆ. ಅಂಗಡಿ ಅಂದ್ರೆ ಆ ಎರಡು ಪೇಜು. ವೂಕಾಮರ್ಸ್‌ನವರೇ ಫ್ರೀ ಕೊಡೋ ಸ್ಟೋರ್‌ಫ್ರಂಟ್ ಥೀಮ್ ಸಾಕಿತ್ತು.

ಪ್ರಾಡಕ್ಟ್ ಹಾಕೋದು ಚೆನ್ನಾಗಿದೆ, ಆದ್ರೆ ಒಂದು ಕಡೆ ಎಲ್ರೂ ಎಡವ್ತಾರೆ. ಕಾಲು ಕೆಜಿ, ಅರ್ಧ ಕೆಜಿ, ಒಂದು ಕೆಜಿ ಅಂತ ಬೇರೆ ಬೇರೆ ರೇಟ್ ಇಡ್ಬೇಕಂದ್ರೆ ವೇರಿಯಬಲ್ ಪ್ರಾಡಕ್ಟ್ ಆರಿಸ್ಬೇಕು, ತೂಕ ಅಂತ ಆಟ್ರಿಬ್ಯೂಟ್ (ಐಟಂನ ಗುಣ) ಮಾಡ್ಬೇಕು, ಅದನ್ನ ವೇರಿಯೇಷನ್‌ಗೆ ಬಳಸು ಅನ್ನೋ ಟಿಕ್ ಹಾಕ್ಬೇಕು, ಆಮೇಲೆ ವೇರಿಯೇಷನ್ ಜನರೇಟ್ ಮಾಡಿ ಒಂದೊಂದಕ್ಕೂ ರೇಟ್ ತುಂಬಬೇಕು. ಯಾವುದಕ್ಕೂ ರೇಟ್ ತುಂಬದೇ ಬಿಟ್ರೆ ಗಿರಾಕಿಗೆ ಸ್ಟಾಕ್ ಇಲ್ಲ ಅಂತ ಕಾಣತ್ತೆ. ಡಬ್ಬ ಎದುರಿಗೇ ಇದೆ, ಸೈಟ್‌ನಲ್ಲಿ ಸ್ಟಾಕ್ ಇಲ್ಲ ಅಂತಿದೆ, ಒಂದು ರಾತ್ರಿ ಪೂರ್ತಿ ಇದಕ್ಕೇ ಹೋಯ್ತು.

ಕನ್ನಡದಲ್ಲಿ ಹೆಸರು ಹಾಕೋರು ಇದನ್ನ ಗಮನಿಸಿ. ಪ್ರಾಡಕ್ಟ್ ಹೆಸರು ಕನ್ನಡದಲ್ಲಿ ಬರೆದ್ರೆ ವರ್ಡ್‌ಪ್ರೆಸ್ ಲಿಂಕನ್ನೂ ಕನ್ನಡದಲ್ಲೇ ಮಾಡತ್ತೆ, ಅದನ್ನ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದ್ರೆ ಒಂದೊಂದು ಅಕ್ಷರಕ್ಕೂ ಪರ್ಸೆಂಟ್ ಗುರುತು, ನಂಬರ್ ಎಲ್ಲ ಸೇರಿ ನಾಲ್ಕೈದು ಸಾಲಿನ ಲಿಂಕ್ ಆಗತ್ತೆ. ನಮ್ಮ ಅತ್ತೆ ಅದನ್ನ ನೋಡಿ ವೈರಸ್ ಅಂತ ಡಿಲೀಟ್ ಮಾಡಿದ್ರು. ಹೆಸರು ಕನ್ನಡದಲ್ಲೇ ಇರ್ಲಿ, ಓದೋಕೆ ಎಷ್ಟು ಚೆಂದ, ಪರ್ಮಾಲಿಂಕ್ (ಆ ಪೇಜಿನ ಲಿಂಕ್) ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆದುಬಿಡಿ. ಬಿಲ್ ಪಿಡಿಎಫ್ ಮಾಡೋ ಒಂದು ಫ್ರೀ ಪ್ಲಗಿನ್ ಹಾಕಿದ್ದೆ, ಅದ್ರಲ್ಲಿ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಉದುರಿತ್ತು, 'ಅಪ್ಪೆ' ಅಂತ ಓದೋಕೇ ಆಗ್ತಿರ್ಲಿಲ್ಲ. ಬಿಲ್ಲಿಗೆ ಈಗ ಇಂಗ್ಲಿಷ್ ಹೆಸರೇ ಇಟ್ಟಿದೀನಿ, ಇದು ನಂಗೆ ಬೇಜಾರಿರೋ ವಿಷಯ.

ಈಗ ಶಿಪ್ಪಿಂಗ್. ಹೊಸಬರು ಇದಕ್ಕೆ ಜಾಸ್ತಿ ಟೈಮ್ ಇಟ್ಕೊಳ್ಳಿ, ದುಡ್ಡು ಸೋರೋದು ಇಲ್ಲೇ. ವೂಕಾಮರ್ಸ್‌ನಲ್ಲಿ ಜೋನ್ ಅಂತ ಮಾಡಬಹುದು, ಇಡೀ ಕರ್ನಾಟಕ ಅಂತ ಆರಿಸಬಹುದು, ಇಲ್ಲಾಂದ್ರೆ ಪಿನ್‌ಕೋಡ್ ಮೇಲೆ ಮಾಡಬಹುದು. 560 ಬರೆದು ಮುಂದೆ ನಕ್ಷತ್ರ ಹಾಕಿದ್ರೆ ಬೆಂಗಳೂರು ಸಿಟಿ ಪೂರ್ತಿ ಬಂತು. ನಾನು ಕರ್ನಾಟಕ ಜೋನ್ ಮೇಲೆ ಇಟ್ಟು ಬೆಂಗಳೂರು ಜೋನ್ ಕೆಳಗೆ ಇಟ್ಟಿದ್ದೆ, ಅದು ಮೇಲಿಂದ ಕೆಳಗೆ ನೋಡ್ತಾ ಮೊದಲು ಹೊಂದಿದ್ದನ್ನೇ ಹಿಡಿಯತ್ತೆ, ಹಾಗಾಗಿ ಬೆಂಗಳೂರು ರೇಟ್ ಯಾರಿಗೂ ಬರ್ತಾನೇ ಇರ್ಲಿಲ್ಲ. ಚಿಕ್ಕ ಜೋನ್ ಯಾವಾಗ್ಲೂ ಮೇಲೆ ಇರ್ಲಿ.

ತೂಕದ ಮೇಲೆ ಚಾರ್ಜ್ ಹಾಕೋ ವ್ಯವಸ್ಥೆ ಮೂಲ ವೂಕಾಮರ್ಸ್‌ನಲ್ಲಿ ಇಲ್ಲ. ಉಪ್ಪಿನಕಾಯಿ ಮಾರೋರಿಗೆ ಬೇಕಾಗಿರೋದೇ ಅದು, ಆದ್ರೆ ಅದಕ್ಕೆ ಬೇರೆ ಪ್ಲಗಿನ್ ಬೇಕು. ಅದಕ್ಕೆ ಬದಲು ಶಿಪ್ಪಿಂಗ್ ಕ್ಲಾಸ್ ಅಂತ ಒಂದಿದೆ, ಅಂದ್ರೆ ಐಟಂಗಳನ್ನ ಗುಂಪು ಮಾಡಿ ಗುಂಪಿಗೊಂದು ಶಿಪ್ಪಿಂಗ್ ರೇಟ್ ಇಡೋದು, ನಾನು ಬಾಟ್ಲಿಗೊಂದು ಹಪ್ಪಳಕ್ಕೊಂದು ಕ್ಲಾಸ್ ಮಾಡಿ ನಡೆಸ್ತಿದೀನಿ. ಹಪ್ಪಳಕ್ಕೆ ಯಾಕೆ ಬೇರೆ ಅಂದ್ರೆ, ಕೊರಿಯರ್‌ನವರು ಬರೀ ತೂಕ ನೋಡಲ್ಲ, ಡಬ್ಬದ ಸೈಜೂ ನೋಡ್ತಾರೆ. ಉದ್ದ ಅಗಲ ಎತ್ತರ ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸಿದ್ರೆ ಬರೋದು ವಾಲ್ಯೂಮೆಟ್ರಿಕ್ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಹಪ್ಪಳ ಮುರಿಯಬಾರದು ಅಂತ ನಾನು 30, 25, 12 ಸೆಂಟಿಮೀಟರ್‌ನ ರಟ್ಟಿನ ಡಬ್ಬದಲ್ಲಿ ಅರ್ಧ ಕೆಜಿ ಹಪ್ಪಳ ಕಳಿಸ್ತಿದ್ದೆ, ಲೆಕ್ಕ ಹಾಕಿದ್ರೆ 1.8 ಕೆಜಿ! ಮೊದಲ ತಿಂಗಳು ಹಪ್ಪಳದ ಲಾಭ ಪೂರ್ತಿ ಕೊರಿಯರ್‌ಗೇ ಹೋಗಿತ್ತು. ಈಗ ಹಪ್ಪಳದ ಕಟ್ಟಿನ ಅಳತೆಗೇ ಸರಿಯಾಗಿ ಚಿಕ್ಕ ಡಬ್ಬ ಮಾಡಿಸಿದೀನಿ, ಸುತ್ತ ಹಳೇ ಪೇಪರ್ ತುರುಕ್ತೀವಿ. ಇನ್ನು ಗಾಜಿನ ಬಾಟ್ಲಿ ಒಡೆದು ಎಣ್ಣೆ ಸೋರಿ ಬೇರೆಯವರ ಪಾರ್ಸೆಲ್ ಹಾಳಾಯ್ತು ಅಂತ ಒಂದ್ಸಲ ಬೈಸಿಕೊಂಡೆ, ಅದಾದ ಮೇಲೆ ಬಾಟ್ಲಿ ಮುಚ್ಚಳಕ್ಕೆ ಸೀಲ್, ಅದರ ಮೇಲೆ ಪ್ಲಾಸ್ಟಿಕ್ ಕವರ್, ಆಮೇಲೆ ಬಬಲ್ ಶೀಟು.

ಚೆಕ್‌ಔಟ್‌ನಲ್ಲಿ ಫೋನ್ ನಂಬರ್ ಕಡ್ಡಾಯ ಅಂತ ಸೆಟ್ ಮಾಡಿ. ನಮ್ಮ ಕಡೆ ಮನೆ ನಂಬರ್ ಇರಲ್ಲ, ಹಾಲಿನ ಡೈರಿ ಎದುರಿಗೆ ಅಂತ ಬರೀತಾರೆ, ಡೆಲಿವರಿ ಹುಡುಗ ಫೋನ್ ಮಾಡದೇ ಮನೆ ಸಿಗಲ್ಲ.

ಪೇಮೆಂಟ್ ಗೇಟ್‌ವೇಗೆ ಪ್ಯಾನ್, ಬ್ಯಾಂಕ್ ಖಾತೆ ಕೊಟ್ರೂ ನನ್ನ ಅರ್ಜಿ ಎರಡು ಸಲ ವಾಪಸ್ ಬಂತು. ಕಾರಣ ಸೈಟ್‌ನಲ್ಲಿ ರೀಫಂಡ್ ಪಾಲಿಸಿ, ಶಿಪ್ಪಿಂಗ್ ಪಾಲಿಸಿ, ಪ್ರೈವೆಸಿ, ಸಂಪರ್ಕದ ಪೇಜು ಇರ್ಲಿಲ್ಲ. ಇದನ್ನೆಲ್ಲ ಮೊದಲೇ ಬರೆದಿಟ್ಟು ಅರ್ಜಿ ಹಾಕಿ, ಒಂದು ವಾರ ಉಳಿಯತ್ತೆ. ಚಾರ್ಜು 2%, ಆ ಚಾರ್ಜಿನ ಮೇಲೆ 18% ಜಿಎಸ್‌ಟಿ, ಅಂದ್ರೆ 500 ರೂಪಾಯಿ ಆರ್ಡರ್‌ಗೆ 11 ರೂಪಾಯಿ 80 ಪೈಸೆ ಹೋಗತ್ತೆ, ರೇಟ್ ಇಡೋವಾಗ ಸೇರಿಸಿಕೊಳ್ಳಿ. ಟೆಸ್ಟ್ ಮೋಡ್ ತೆಗೆದಿದೀರಾ ಅಂತ ಮೂರು ಸಲ ನೋಡಿ, ಟೆಸ್ಟ್ ಮೋಡ್‌ನಲ್ಲಿ ಆರ್ಡರ್ ಬಂದ ಹಾಗೇ ಕಾಣತ್ತೆ, ದುಡ್ಡು ಮಾತ್ರ ಬಂದಿರಲ್ಲ. ದುಡ್ಡು ಬಂತು ಅಂತ ಗೇಟ್‌ವೇ ನಮ್ಮ ಸೈಟ್‌ಗೆ ತಿಳಿಸೋಕೆ ವೆಬ್‌ಹುಕ್ ಅಂತ ಒಂದು ಲಿಂಕ್ ಗೇಟ್‌ವೇಯಲ್ಲಿ ಹಾಕ್ಬೇಕು, ಅದಿಲ್ಲದಿದ್ರೆ ಗಿರಾಕಿ ಯುಪಿಐ ಮಾಡಿ ಬ್ರೌಸರ್‌ಗೆ ವಾಪಸ್ ಬರದೇ ಹೋದಾಗ ದುಡ್ಡು ಕಟ್ಟಾದ್ರೂ ಆರ್ಡರ್ ಪೆಂಡಿಂಗ್‌ನಲ್ಲೇ ಇರತ್ತೆ, ಮೇಲಾಗಿ ಸ್ಟಾಕ್ ಲೆಕ್ಕ ಆನ್ ಇದ್ರೆ 60 ನಿಮಿಷ ಆದ್ಮೇಲೆ ತಾನಾಗೇ ಕ್ಯಾನ್ಸಲ್ ಕೂಡ ಆಗತ್ತೆ. ಹುಬ್ಬಳ್ಳಿಯ ಒಬ್ರು ದುಡ್ಡು ಹೋಯ್ತು ಅಂತ ಎಷ್ಟು ಗಾಬರಿಯಾಗಿದ್ರು ಗೊತ್ತಾ, ಪಾಪ.

ಲೈಸೆನ್ಸ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಆಹಾರ ಮಾರೋಕೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಬೇಕೇ ಬೇಕು, ನಮ್ಮಂಥ ಚಿಕ್ಕವರಿಗೆ ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ, 14 ಅಂಕಿಯ ನಂಬರ್ ಕೊಡ್ತಾರೆ, ಲೇಬಲ್ ಮೇಲೆ ಅದು ಇರ್ಬೇಕು. ಜಿಎಸ್‌ಟಿ, ರಾಜ್ಯದೊಳಗೆ ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷದವರೆಗೆ ಬೇಡ, ಆದ್ರೆ ಉಪ್ಪಿನಕಾಯಿಯನ್ನ ಮುಂಬೈ ಪುಣೆಗೆ ಮಾರಬೇಕಂದ್ರೆ ಒಂದೇ ಬಾಟ್ಲಿ ಆದ್ರೂ ನಂಬರ್ ಬೇಕು. ಅದಕ್ಕೇ ನಾನು ಮೊದಲ ಸೀಸನ್ ಕರ್ನಾಟಕದ ಜೋನ್ ಮಾತ್ರ ಇಟ್ಟೆ, ಬೇರೆ ಕಡೆಯ ಪಿನ್ ಹಾಕಿದ್ರೆ ಶಿಪ್ಪಿಂಗ್ ಇಲ್ಲ ಅಂತ ಬಂದು ಆರ್ಡರ್ ಅಲ್ಲೇ ನಿಲ್ಲತ್ತೆ.

ಅಂಗಡಿ ತೆರೆದ ದಿನ ಎಲ್ರಿಗೂ ಲಿಂಕ್ ಕಳಿಸಿ ಕೂತೆ, ಒಂದೂ ಆರ್ಡರ್ ಇಲ್ಲ. ಸಂಜೆ ಸಾಗರದ ಗಿರಾಕಿ ಒಬ್ಬಳು ಫೋನ್ ಮಾಡಿ "ಅಕ್ಕಾ, ಶೀಘ್ರದಲ್ಲೇ ಬರಲಿದೆ ಅನ್ನೋ ಥರ ಏನೋ ಬರ್ತಿದೆ, ಅಂಗಡಿ ಕಾಣ್ತಾನೇ ಇಲ್ಲ" ಅಂದ್ಲು. ಹೊಸ ವೂಕಾಮರ್ಸ್‌ನಲ್ಲಿ ಕಮಿಂಗ್ ಸೂನ್ ಅನ್ನೋದು ಮೊದಲಿಂದ ಆನ್ ಇರತ್ತೆ, ನಾವು ಲಾಗಿನ್ ಆಗಿರೋದ್ರಿಂದ ನಮಗೆ ಮಾತ್ರ ಪೂರ್ತಿ ಅಂಗಡಿ ಕಾಣತ್ತೆ. ಬೇರೆ ಫೋನ್‌ನಿಂದ, ಲಾಗಿನ್ ಇಲ್ದೇ, ನೀವೇ ಒಂದು ಆರ್ಡರ್ ಹಾಕಿ ದುಡ್ಡು ಕಟ್ಟಿ ನೋಡಿ, ಆಮೇಲೆ ಊರಿಗೆಲ್ಲ ಹೇಳಿ.

ಯಾರಿಗೆ ಇದು ಬೇಡ ಅಂದ್ರೆ, ವಾರಕ್ಕೆ ಒಂದು ಗಂಟೆ ಕೂತು ಅಪ್‌ಡೇಟ್ ಮಾಡಿ ಬ್ಯಾಕಪ್ ತೆಗೆಯೋಕೆ ಆಗದವರಿಗೆ. ಒಂದ್ಸಲ ಬ್ಯಾಕಪ್ ಇಲ್ದೇ ಎಲ್ಲ ಪ್ಲಗಿನ್ ಒಟ್ಟಿಗೆ ಅಪ್‌ಡೇಟ್ ಮಾಡಿ ಸೈಟ್ ಬೆಳ್ಳಗಾಗಿ ಕೂತಿತ್ತು, ಹೋಸ್ಟಿಂಗ್‌ನವರು ಸರಿ ಮಾಡೋಕೆ ಎರಡು ದಿನ ತಗೊಂಡ್ರು. ಇಡೀ ವರ್ಷ ಒಂದೇ ಥರ ವ್ಯಾಪಾರ ಇರೋರು, ಇದೆಲ್ಲ ತಲೆನೋವು ಬೇಡ ಅನ್ನೋರು ತಿಂಗಳ ಬಾಡಿಗೆದು ತಗೊಳ್ಳಿ. ನಮ್ಮ ಥರ ಹತ್ತು ಹದಿನೈದು ಐಟಂ ಇಟ್ಕೊಂಡು ಸೀಸನ್ನಿಗೆ ಮಾರೋರಿಗೆ ನಾನು ವೂಕಾಮರ್ಸ್ ಅಂತಾನೇ ಹೇಳ್ತೀನಿ, ಐದಕ್ಕೆ ನಾಲ್ಕು ಸ್ಟಾರ್. ಕಡಿಮೆ ಆದ ಒಂದು ಆ ತೂಕದ ಶಿಪ್ಪಿಂಗ್‌ಗೆ.

ಈ ವರ್ಷ ಅನಂತ ಭಟ್ಟನ ಅಪ್ಪೆ ಅನ್ನೋ ಜಾತಿಯ ಮಾವಿನ ಮಿಡಿ ಸಿಕ್ಕಿದ್ದು ಸ್ವಲ್ಪಾನೇ, 40 ಬಾಟ್ಲಿ ಆಯ್ತು. ಸ್ಟಾಕ್ ಜಾಗದಲ್ಲಿ 40 ಅಂತ ಬರೆದೆ. ಮೂರನೇ ದಿನ ಮಧ್ಯಾಹ್ನ ಕೊನೇ ಬಾಟ್ಲಿ ಹೋಯ್ತು, ಸೈಟ್ ತಾನಾಗೇ ಆರ್ಡರ್ ತಗೊಳ್ಳೋದು ನಿಲ್ಲಿಸ್ತು, ಒಬ್ರಿಗೂ ಫೋನ್ ಮಾಡಿ ಇಲ್ಲ ಅನ್ನಬೇಕಾಗ್ಲಿಲ್ಲ. ಆಯಿ ಬಂದು "ಎಷ್ಟು ಉಳೀತು?" ಅಂತ ಕೇಳಿದ್ರೆ ಫೋನ್ ತೋರಿಸಿದೆ.