ಸ್ಟಾರ್‌ಚೇಸ್ ಜಿಪಿಎಸ್ ಟ್ಯಾಗ್ ರಿವ್ಯೂ: ಸಾಮಾನು ಒಳ್ಳೇದೇ, ಜೊತೆಗೆ ರೂಲ್ ಇದ್ಯಾ ಕೇಳಿ

ಪೊಲೀಸರಿಂದ ತಪ್ಪಿಸ್ಕೊಂಡು ಓಡೋ ಗಾಡಿಗೆ ಅಂಟಿಸಿ, ಅದು ಎಲ್ಲಿದೆ ಅಂತ ದೂರದಿಂದಲೇ ನೋಡೋ ಸಾಮಾನು ಇದು. ಮೊದಲೇ ಹೇಳಿಬಿಡ್ತೀನಿ, ಸಾಮಾನು ಚೆನ್ನಾಗಿದೆ. ಇಲ್ಲಿ ಅಮೆರಿಕಾದಲ್ಲಿ ನಾವಿರೋ ಊರಿನ ಪೊಲೀಸರು ಇದನ್ನ ತಗೊಳ್ಳೋ ಮಾತು ಬಂದ್ರೆ ನಾನು ಕೌನ್ಸಿಲ್ ಮೀಟಿಂಗ್‌ಗೆ ಹೋಗಿ ಇದರ ಪರವಾಗೇ ಮಾತಾಡ್ತೀನಿ. ಆದ್ರೆ ಒಂದು ಷರತ್ತು. ಟ್ಯಾಗ್ ಅಂಟಿದ ಮೇಲೆ ಹಿಂದೆ ಅಟ್ಟಿಸಿಕೊಂಡು ಹೋಗೋದನ್ನ ನಿಲ್ಲಿಸ್ಲೇಬೇಕು ಅಂತ ಲಿಖಿತ ರೂಲ್ ಇರಬೇಕು. ಆ ರೂಲ್ ಇಲ್ಲದೆ ಬರೀ ಮಷಿನ್ ಕೊಂಡ್ರೆ ದುಡ್ಡು ದಂಡ, ಈ ಮಾತನ್ನ ಪೂರ್ತಿ ಗಂಭೀರವಾಗೇ ಹೇಳ್ತಿದೀನಿ.

ಗೊತ್ತಿಲ್ದೋರಿಗೆ ಚಿಕ್ಕದಾಗಿ ಹೇಳ್ತೀನಿ. ಪೊಲೀಸ್ ಕಾರಿನ ಮುಂದಿನ ಗ್ರಿಲ್ ಹತ್ರ ಒಂದು ಲಾಂಚರ್ ಕೂರಿಸಿರ್ತಾರೆ, ಅದರಲ್ಲಿ ಎರಡು ಟ್ಯಾಗ್. ಓಡ್ತಿರೋ ಗಾಡಿ ಹಿಂದೆ ಹತ್ರ ಹೋಗಿ ಲೇಸರ್‌ನಲ್ಲಿ ಗುರಿ ಇಟ್ಟು ಬಟನ್ ಒತ್ತಿದ್ರೆ ಗಾಳಿಯ ಒತ್ತಡಕ್ಕೆ ಟ್ಯಾಗ್ ಹಾರಿಹೋಗಿ ಆ ಗಾಡಿ ಹಿಂಭಾಗಕ್ಕೆ ಗೋಂದಿನ ಥರ ಅಂಟ್ಕೊಳ್ಳುತ್ತೆ, ಅಲ್ಲಿಂದ ಮುಂದೆ ಗಾಡಿ ಎಲ್ಲಿದೆ, ಎಷ್ಟು ಸ್ಪೀಡ್‌ನಲ್ಲಿದೆ ಅನ್ನೋದು ಕಂಟ್ರೋಲ್ ರೂಮಿನ ಮ್ಯಾಪ್ ಮೇಲೆ ಕಾಣ್ತಿರುತ್ತೆ. ಕಂಪನಿ ವರ್ಜೀನಿಯಾದ್ದು. ಈಗ ಕೈಯಲ್ಲಿ ಹಿಡ್ಕೊಂಡು ಹಾರಿಸೋ ಮಾಡೆಲ್ ಕೂಡ ಇದೆ, ಅದರ ಬಗ್ಗೆ ಆಮೇಲೆ ಬರ್ತೀನಿ. ನಾನು ನೋಡಿದ್ದು ಕಾರಿಗೆ ಕೂರಿಸಿದ್ದನ್ನ, ಪಕ್ಕದೂರಿನ ಪೊಲೀಸರು ಜನರಿಗೆ ತೋರಿಸೋಕೆ ಅಂತ ಇಟ್ಟಿದ್ದ ಡೆಮೋದಲ್ಲಿ. ಹಾರಿದಾಗ ಸದ್ದು ಅಷ್ಟೇನೂ ಬರ್ಲಿಲ್ಲ, ಅಂಟಿದ್ದು ಕೈಯಲ್ಲಿ ಎಳೆದ್ರೂ ಸುಲಭಕ್ಕೆ ಬರ್ಲಿಲ್ಲ.

ಇದ್ಯಾಕೆ ಇಷ್ಟು ಮುಖ್ಯ ಅಂದ್ರೆ ಲೆಕ್ಕ ನೋಡಿ. ಅಮೆರಿಕಾದ ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗವೇ ಹೇಳಿರೋ ಪ್ರಕಾರ 1996ರಿಂದ 2015ರವರೆಗೆ ಪೊಲೀಸ್ ಚೇಸ್‌ಗಳಿಂದ 7,000ಕ್ಕಿಂತ ಜಾಸ್ತಿ ಜನ ಸತ್ತಿದ್ದಾರೆ, ವರ್ಷಕ್ಕೆ ಸರಾಸರಿ 355. ಅಂದ್ರೆ ಹೆಚ್ಚುಕಮ್ಮಿ ದಿನಕ್ಕೊಬ್ಬರು. ಇವರಲ್ಲಿ ಎಲ್ಲರೂ ಓಡಿಹೋಗ್ತಿದ್ದೋರಲ್ಲ. ಅದೇ ಗಾಡಿಯಲ್ಲಿ ಸುಮ್ನೆ ಕೂತಿದ್ದ ಗೆಳೆಯ ಗೆಳತಿಯರು, ಪೊಲೀಸರು, ಆಮೇಲೆ ಯಾವ ಸಂಬಂಧಾನೂ ಇಲ್ದೆ ಸಿಗ್ನಲ್‌ನಲ್ಲಿ ಹಸಿರು ದೀಪ ನಂಬ್ಕೊಂಡು ಮುಂದೆ ಬಂದೋರು.

ಈ ಸಿಗ್ನಲ್ ವಿಷಯ ನನಗೆ ತುಂಬಾ ತಲೇಲಿ ಕೂತಿದೆ. ಗಂಟೆಗೆ 60 ಮೈಲಿ ಅಂದ್ರೆ ಸೆಕೆಂಡಿಗೆ 88 ಅಡಿ, ಒಂದು ಸಲ ಕಣ್ಣು ಆ ಕಡೆ ಹೊರಳಿಸಿ ಈ ಕಡೆ ನೋಡೋಷ್ಟರಲ್ಲಿ ಗಾಡಿ ನಿಮ್ಮ ಮುಂದೆ ಇರುತ್ತೆ. ಕಿಟಕಿ ಹಾಕ್ಕೊಂಡು ಹಾಡು ಕೇಳ್ತಾ ಹೋಗೋರಿಗೆ ಸೈರನ್ ಕೇಳೋದೇ ತಡ, ಕೇಳಿದ್ರೂ ಯಾವ ದಿಕ್ಕಿಂದ ಅಂತ ಗೊತ್ತಾಗಲ್ಲ, ಅಷ್ಟೂ ಸಾಲದು ಅಂತ ಸೈರನ್ ಇರೋದು ಹಿಂದಿನ ಕಾರಲ್ಲಿ, ಮುಂದೆ ಬರ್ತಿರೋ ಗಾಡಿಗೆ ಸೈರನ್ನೂ ಇಲ್ಲ ದೀಪಾನೂ ಇಲ್ಲ, ಮತ್ತೆ ಕೆಲವು ಸಲ ಮೊದಲನೇ ಗಾಡಿ ದಾಟಿಹೋಯ್ತು ಅಂತ ನಿಟ್ಟುಸಿರು ಬಿಟ್ಟು ಮುಂದೆ ಹೋದೋರಿಗೆ ಎರಡನೇದು ಬಂದು ಗುದ್ದುತ್ತೆ. ದಾರೀಲಿ ಹೋಗೋರು ಎಷ್ಟೇ ಹುಷಾರಾಗಿದ್ರೂ ಇದರಿಂದ ತಪ್ಪಿಸ್ಕೊಳ್ಳೋಕೆ ಆಗಲ್ಲ, ಹಾಗಾಗಿ ಹುಷಾರಾಗಿರೋ ಜವಾಬ್ದಾರಿ ಪೂರ್ತಿ ಚೇಸ್ ಮಾಡೋರ ತಲೆ ಮೇಲೇ ಇರಬೇಕು ಅನ್ನೋದು ನನ್ನ ವಾದ.

ಹಾಗಾದ್ರೆ ಹಿಂದೆ ಬಿದ್ದಿಲ್ಲ ಅಂದ್ರೆ ಕಳ್ಳ ಹಾಗೇ ಓಡಿಸ್ತಾನೇ ಇರಲ್ವಾ? ಸೌತ್ ಕೆರೊಲಿನಾ ಯೂನಿವರ್ಸಿಟಿಯ ಜೆಫ್ರಿ ಆಲ್ಪರ್ಟ್ ಅಂತ ಒಬ್ಬರು ಪ್ರೊಫೆಸರ್, ಚೇಸ್ ಬಗ್ಗೆ ದಶಕಗಳಿಂದ ಕೆಲಸ ಮಾಡಿರೋರು. ಇವರ 1997ರ ವರದಿಯಲ್ಲಿ ಓಡಿಹೋಗಿ ಸಿಕ್ಕಿಬಿದ್ದ 146 ಜನರನ್ನ ಮಾತಾಡಿಸಿದ್ದಾರೆ. ಅದರಲ್ಲಿ 70 ಪರ್ಸೆಂಟ್‌ಗಿಂತ ಜಾಸ್ತಿ ಜನ ಪೊಲೀಸರು ಹಿಂದೆ ಬರೋದು ಬಿಟ್ಟಿದ್ರೆ ಸ್ಪೀಡ್ ಕಮ್ಮಿ ಮಾಡ್ತಿದ್ವಿ ಅಂದಿದ್ದಾರೆ. ನಮ್ಮ ಸಾಮಾನು ನಿಂತಿರೋದೇ ಈ ಅಂಶದ ಮೇಲೆ. ಟ್ಯಾಗ್ ಅಂಟಿಸಿ ಪೊಲೀಸರು ಹಿಂದೆ ಸರಿದ್ರೆ ಕನ್ನಡಿಯಲ್ಲಿ ದೀಪ ಕಾಣಲ್ಲ, ಓಡ್ತಿರೋನಿಗೆ ತಪ್ಪಿಸ್ಕೊಂಡೆ ಅನ್ಸುತ್ತೆ, ಮಾಮೂಲಿ ಸ್ಪೀಡಿಗೆ ಬರ್ತಾನೆ, ಎಲ್ಲೋ ಗಾಡಿ ನಿಲ್ಲಿಸ್ತಾನೆ, ಅಷ್ಟೊತ್ತಿಗೆ ಪೊಲೀಸರು ಆ ಬೀದಿಯ ಎರಡೂ ಕಡೆ ನಿಂತಿರ್ತಾರೆ. ಟ್ಯಾಗ್ ಅಂಟಿದ ಮೇಲೂ ದೀಪ ಹಾಕ್ಕೊಂಡು ಬಾಲ ಹಿಡ್ಕೊಂಡೇ ಹೋದ್ರೆ ಟ್ಯಾಗ್ ಇದ್ದೂ ಏನು ಬಂತು ಹೇಳಿ.

ಅದಕ್ಕೇ ನಾನು ರೂಲ್ ರೂಲ್ ಅಂತ ಬಡ್ಕೊಳ್ಳೋದು. ರೂಲ್ ಒಂದೇ ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ ಅದೇ ವರದಿಯಲ್ಲಿ ಸಾಕ್ಷಿ ಇದೆ. ಮಯಾಮಿ ಕಡೆ ಮೆಟ್ರೋ ಡೇಡ್ ಪೊಲೀಸರು 1992ರಲ್ಲಿ ಹಿಂಸೆಯ ಗಂಭೀರ ಅಪರಾಧಕ್ಕೆ ಮಾತ್ರ ಚೇಸ್ ಅಂತ ನಿಯಮ ಬಿಗಿ ಮಾಡಿದ್ರು, ಮುಂದಿನ ವರ್ಷ ಚೇಸ್‌ಗಳು 82 ಪರ್ಸೆಂಟ್ ಇಳಿದ್ವು. ನೆಬ್ರಾಸ್ಕಾ ರಾಜ್ಯದ ಒಮಾಹಾ ನಗರದಲ್ಲಿ 1993ರಲ್ಲಿ ನಿಯಮ ಸಡಿಲ ಮಾಡಿದ್ರು, ಅಲ್ಲಿ 600 ಪರ್ಸೆಂಟ್‌ಗಿಂತ ಜಾಸ್ತಿ ಏರಿದ್ವು. ಎರಡೂ ಕಡೆ ಹೊಸ ಮಷಿನ್ ಏನೂ ಬಂದಿರ್ಲಿಲ್ಲ, ಬದಲಾಗಿದ್ದು ಕಾಗದದ ಮೇಲಿನ ನಾಲ್ಕು ಸಾಲು.

ಇನ್ನೊಂದು ಕಡೆಯವರ ಮಾತನ್ನೂ ನಾನು ತಳ್ಳಿಹಾಕಲ್ಲ. ಚೇಸ್ ಮಾಡಲ್ಲ ಅಂತ ಗೊತ್ತಾದ್ರೆ ನಿಲ್ಲಿಸೋರೂ ನಿಲ್ಲಿಸಲ್ಲ ಅಂತಾರೆ, ಅದರಲ್ಲಿ ಹುರುಳಿದೆ. ವಾಷಿಂಗ್ಟನ್ ರಾಜ್ಯ ಚೇಸ್ ನಿಯಮಾನ 2021ರಲ್ಲಿ ಬಿಗಿ ಮಾಡಿ, 2023ರಲ್ಲಿ ಸ್ವಲ್ಪ ಸಡಿಲ ಮಾಡಿ, 2024ರಲ್ಲಿ ಇನ್ನೂ ಸಡಿಲ ಮಾಡ್ತು. ನ್ಯೂಜಿಲೆಂಡ್ 2020ರ ಕೊನೆಗೆ ಬಿಗಿ ಮಾಡಿ, ಓಡೋರು ಜಾಸ್ತಿ ಆದ್ರು ಅಂತ 2023ರಲ್ಲಿ ಮತ್ತೆ ಬದಲಾಯಿಸ್ತು. ಕಾರು ಕಳ್ಕೊಂಡೋರ ಹೊಟ್ಟೆಉರಿ ನನಗೂ ಅರ್ಥ ಆಗುತ್ತೆ. ಈ ಎಳೆದಾಟದ ಮಧ್ಯದಲ್ಲೇ ಟ್ಯಾಗ್ ಥರದ ಸಾಮಾನು ಉಪಯೋಗಕ್ಕೆ ಬರೋದು, ಬಿಟ್ಟೂ ಬಿಡಲ್ಲ, ಹಿಂದೆ ಬಿದ್ದು ಯಾರನ್ನೋ ಸಾಯ್ಸೋದೂ ಇಲ್ಲ.

ಕೊರತೆಗಳಿಗೆ ಬರ್ತೀನಿ. ಮೊದಲನೇದು, ಹಾರಿಸೋಕೆ ಹತ್ರ ಹೋಗ್ಲೇಬೇಕು, ಅಂದ್ರೆ ಸ್ವಲ್ಪ ದೂರ ಆದ್ರೂ ಚೇಸ್ ಆಗೇ ಆಗುತ್ತೆ. ತಿರುವು ಮುರುವಿನ ರಸ್ತೆಯಲ್ಲಿ, ಮಧ್ಯ ಬೇರೆ ಗಾಡಿ ಇದ್ದಾಗ ಗುರಿ ಸಿಗಲ್ಲ. ಎರಡೇ ಟ್ಯಾಗ್, ಎರಡೂ ತಪ್ಪಿದ್ರೆ ಮುಗೀತು. ಬೆಲೆ ಕೂಡ ಕಮ್ಮಿ ಏನಿಲ್ಲ, ಶುರುವಿನ ವರ್ಷಗಳಲ್ಲಿ ಕಾರಿಗೆ ಕೂರಿಸೋಕೆ ಸುಮಾರು 5,000 ಡಾಲರ್, ಒಂದೊಂದು ಟ್ಯಾಗ್‌ಗೆ 500 ಡಾಲರ್ ಅಂತ ಪೇಪರ್‌ನಲ್ಲಿ ಬರ್ತಿತ್ತು. ಚಿಕ್ಕ ಊರಿನ ಡಿಪಾರ್ಟ್‌ಮೆಂಟ್ ಎಲ್ಲಾ ಕಾರಿಗೂ ಹಾಕೋದು ಕಷ್ಟ, ಒಂದೆರಡಕ್ಕೆ ಹಾಕ್ತಾರೆ, ಆಮೇಲೆ ಬೇಕಾದಾಗ ಆ ಕಾರು ಊರಿನ ಇನ್ನೊಂದು ಮೂಲೇಲಿ ಇರುತ್ತೆ.

ಆದ್ರೂ ಬೇರೆಯವುಗಳ ಜೊತೆ ಹೋಲಿಸಿದ್ರೆ ಇದೇ ವಾಸಿ. ರಸ್ತೆ ಮೇಲೆ ಎಸೆಯೋ ಮುಳ್ಳಿನ ಪಟ್ಟಿ ಇದ್ಯಲ್ಲ, ಅದರಲ್ಲಿ ಟೈರ್ ಗಾಳಿ ನಿಧಾನಕ್ಕೆ ಹೋಗೋ ಹಾಗೆ ಟೊಳ್ಳು ಮುಳ್ಳು ಇರುತ್ತೆ, ಐಡಿಯಾ ಒಳ್ಳೇದೇ, ಆದ್ರೆ ಅದನ್ನ ಎಸೆಯೋಕೆ ಪೊಲೀಸಿನವರು ರಸ್ತೆ ಬದಿ ಕಾಲ್ನಡಿಗೆಯಲ್ಲಿ ನಿಲ್ಲಬೇಕು, ಹಾಗೆ ನಿಂತು ಪ್ರಾಣ ಕಳ್ಕೊಂಡೋರು ಬೇಕಾದಷ್ಟು ಜನ. ಗ್ರಾಪ್ಲರ್ ಅಂತ ಬಂಪರ್‌ಗೆ ಕಟ್ಟೋ ಬಲೆ ಇದೆ, ಹಿಂದಿನ ಚಕ್ರಕ್ಕೆ ಸಿಕ್ಕಿಸಿ ನಿಲ್ಲಿಸುತ್ತೆ, ನೋಡೋಕೆ ಜೋರಾಗಿದೆ, ಅದಕ್ಕಂತೂ ಬಂಪರ್‌ಗೆ ಬಂಪರ್ ಹೋಗಬೇಕು. ಹಿಂದಿನ ಮೂಲೆಗೆ ತಳ್ಳಿ ಗಾಡಿ ತಿರುಗಿಸೋ ಪಿಟ್ ವಿಧಾನ ಬಹಳ ಕಡೆ ಗಂಟೆಗೆ 35 ಮೈಲಿ ಮೇಲೆ ಮಾಡಬಾರದು ಅಂತಿದೆ, ಕೆಲವು ಕಡೆ ಅದಕ್ಕಿಂತ ಎಷ್ಟೋ ಜಾಸ್ತಿ ಸ್ಪೀಡಲ್ಲೂ ಮಾಡ್ತಾರೆ, ನನಗೆ ಆ ವಿಡಿಯೋಗಳನ್ನ ಪೂರ್ತಿ ನೋಡೋಕಾಗಲ್ಲ. ಹೆಲಿಕಾಪ್ಟರ್ ಎಲ್ಲಕ್ಕಿಂತ ಚೆನ್ನಾಗಿದೆ ಆದ್ರೆ ಎಷ್ಟು ಊರಿಗೆ ಕೈಗೆಟಕುತ್ತೆ.

ಕೋರ್ಟ್ ನೋಡ್ಕೊಳ್ಳುತ್ತೆ ಬಿಡಿ ಅನ್ನೋರಿಗೆ ಒಂದು ಮಾತು. 2007ರಲ್ಲಿ ಸ್ಕಾಟ್ ವರ್ಸಸ್ ಹ್ಯಾರಿಸ್ ಅಂತ ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. ಗಂಟೆಗೆ 55 ಮೈಲಿ ಮಿತಿ ಇರೋ ರಸ್ತೆಯಲ್ಲಿ 73ರಲ್ಲಿ ಹೋದ ಅನ್ನೋದರಿಂದ ಶುರುವಾದ ಚೇಸ್, ಪೊಲೀಸ್ ಕಾರು ಹಿಂದಿನಿಂದ ಗುದ್ದಿದ್ದಕ್ಕೆ 19 ವರ್ಷದ ಹುಡುಗನ ಕೈಕಾಲು ಸ್ವಾಧೀನ ತಪ್ಪಿತು, ಕೋರ್ಟ್ 8ಕ್ಕೆ 1ರಂತೆ ಪೊಲೀಸರ ಪರ ತೀರ್ಪು ಕೊಡ್ತು. ಅವನು ಓಡಿಸಿದ್ದು ಬೇರೆಯವರ ಜೀವಕ್ಕೆ ಅಪಾಯ ಇತ್ತು, ಅದು ನಿಜ. ಆದ್ರೆ ಇದರಿಂದ ಗೊತ್ತಾಗೋದು ಏನಂದ್ರೆ ಸಂವಿಧಾನದ ಲೆಕ್ಕದಲ್ಲಿ ಪೊಲೀಸರಿಗೆ ತುಂಬಾ ಅವಕಾಶ ಇದೆ, ಅದಕ್ಕಿಂತ ಬಿಗಿಯಾಗಿ ಇರಬೇಕು ಅಂದ್ರೆ ರಾಜ್ಯದ ಕಾನೂನು, ಡಿಪಾರ್ಟ್‌ಮೆಂಟಿನ ಸ್ವಂತ ನಿಯಮ, ಇವೆರಡೇ ಗತಿ. ಪೊಲೀಸ್ ಅಧಿಕಾರಿಗಳದ್ದೇ ಸಂಸ್ಥೆ ಪೊಲೀಸ್ ಎಕ್ಸಿಕ್ಯೂಟಿವ್ ರಿಸರ್ಚ್ ಫೋರಂ ಕೂಡ 2023ರಲ್ಲಿ ಹೇಳಿದ್ದು ಇಷ್ಟೇ, ಹಿಂಸೆಯ ಅಪರಾಧ ಆಗಿರಬೇಕು, ಆ ವ್ಯಕ್ತಿಯಿಂದ ಮತ್ತೆ ಹಿಂಸೆ ಆಗೋ ತಕ್ಷಣದ ಅಪಾಯಾನೂ ಇರಬೇಕು, ಎರಡೂ ಇದ್ರೆ ಮಾತ್ರ ಚೇಸ್.

ಕೈಯಲ್ಲಿ ಹಿಡಿಯೋ ಮಾಡೆಲ್ ಬಗ್ಗೆ ನನಗೆ ಸ್ವಲ್ಪ ಆತಂಕ ಇದೆ, ಅದನ್ನ ನಿಂತಿರೋ ಗಾಡಿಗೂ ಅಂಟಿಸಿಬಿಡಬಹುದು. 2012ರ ಜೋನ್ಸ್ ಕೇಸಲ್ಲಿ ಸುಪ್ರೀಂ ಕೋರ್ಟ್ ಕಾರಿಗೆ ಜಿಪಿಎಸ್ ಅಂಟಿಸಿ ಓಡಾಟ ಗಮನಿಸೋದು ಸಂವಿಧಾನದ ಲೆಕ್ಕದಲ್ಲಿ ಪೊಲೀಸರು ಮಾಡೋ ಶೋಧನೆಗೆ (ಸರ್ಚ್) ಸಮ ಅಂತ ಹೇಳಿದೆ. ಕಣ್ಣೆದುರೇ ಓಡ್ತಿರೋ ಗಾಡಿಗೆ ಅಂಟಿಸೋದಕ್ಕೆ ತುರ್ತು ಕಾರಣ ಇರುತ್ತೆ, ನಿಂತಿರೋ ಗಾಡಿಗೆ ಓಡಿದ್ರೂ ಓಡಬಹುದು ಅಂತ ಮೊದಲೇ ಅಂಟಿಸಿಡೋದು ಬೇರೆಯೇ ವಿಷಯ. ಅದನ್ನ ನಿಯಮದಲ್ಲಿ ಬಿಡಿಸಿ ಬರೀಬೇಕು.

ಐದಕ್ಕೆ ನಾಲ್ಕು ಕೊಡ್ತೀನಿ, ಅದು ರೂಲ್ ಇದ್ದ ಕಡೆ. ಇಲ್ದಿದ್ರೆ ಎರಡು. ನಿಮ್ಮ ಊರಲ್ಲಿ ಇದಕ್ಕೆ ದುಡ್ಡು ಕೇಳೋಕೆ ಬಂದಾಗ ದಯವಿಟ್ಟು ಹೋಗಿ ಕೂತು ಕೇಳಿ: ಟ್ಯಾಗ್ ಅಂಟಿದ ಮೇಲೆ ಎಷ್ಟು ಹೊತ್ತಲ್ಲಿ ಸೈರನ್ ಆಫ್ ಮಾಡಿ ಹಿಂದೆ ಸರೀತೀರಾ, ಎರಡೂ ಟ್ಯಾಗ್ ತಪ್ಪಿದ್ರೆ ಏನ್ಮಾಡ್ತೀರಾ, ನಿಲ್ಲಿಸಿ ಅಂತ ಹೇಳೋ ಅಧಿಕಾರ ಆ ಕಾರಿನಲ್ಲಿ ಇಲ್ಲದ ಸೂಪರ್‌ವೈಸರ್‌ಗೆ ಇದ್ಯಾ, ಪ್ರತಿ ಚೇಸ್ ಯಾವ ಕಾರಣಕ್ಕೆ ಶುರುವಾಯ್ತು ಹೇಗೆ ಮುಗೀತು ಅಂತ ವರ್ಷಕ್ಕೊಂದ್ಸಲ ಜನರ ಮುಂದೆ ಇಡ್ತೀರಾ. ಉತ್ತರ ಬಾಯಿಮಾತಲ್ಲಿ ಕೊಟ್ರೆ ಸಾಕಾಗಲ್ಲ, ಪಾಲಿಸಿಯ ಯಾವ ಪುಟದಲ್ಲಿದೆ ಅಂತ ತೋರಿಸೋಕೆ ಹೇಳಿ.