ಮುಯ್ಯಾಳು ಗುಂಪಿಗೆ ಸೇರುವ ಮುನ್ನ ಗುಂಡಿ ಎಷ್ಟು ಆಳ ಎಂದು ಕೇಳಿ

ನೀವು ನಮ್ಮಲ್ಲಿ ದುಡಿದರೆ ನಾವು ನಿಮ್ಮಲ್ಲಿ ದುಡಿಯುತ್ತೇವೆ ಎಂಬ ಮುಯ್ಯಾಳಿನ ಲೆಕ್ಕದಲ್ಲಿ ನೆರೆಹೊರೆಯವರು ಗುಂಪು ಕಟ್ಟಿಕೊಂಡು ಭಾನುವಾರಕ್ಕೊಂದು ಮನೆಯಂತೆ ಮಳೆ ನೀರು ಇಂಗಿಸುವ ಗುಂಡಿ ತೋಡುವುದು, ಕೈತೋಟದ ಮಡಿ ಕಟ್ಟುವುದು, ಗೊಬ್ಬರದ ತೊಟ್ಟಿ ಮಾಡುವುದು ಒಳ್ಳೆಯ ಕೆಲಸವೇ. ಆದರೆ ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಮುಂಗಾರಿಗೆ ಮುನ್ನ ಹುರುಪಿನಿಂದ ಶುರುವಾದ ಇಂಥದೊಂದು ಗುಂಪು, ಅರ್ಧ ತೋಡಿದ ಇಂಗುಬಾವಿಯ ಗೋಡೆ ರಾತ್ರಿ ಮಳೆಗೆ ಕುಸಿದ ಮೇಲೆ ಒಡೆದುಹೋಯಿತು. ಕುಸಿದಾಗ ಒಳಗೆ ಯಾರೂ ಇರಲಿಲ್ಲ. ಹಿಂದಿನ ಮಧ್ಯಾಹ್ನ ಅದೇ ಗುಂಡಿಯಲ್ಲಿ ಇಬ್ಬರು ಇಳಿದು ಅಗೆಯುತ್ತಿದ್ದರು. ಬೇರೆ ಬಡಾವಣೆಗಳಲ್ಲಿ ಹೀಗಾಗಬಾರದು.

ಕುಸಿದದ್ದು ಯಾಕೆ? ಬೆಂಗಳೂರಿನ ಕೆಂಪು ಮಣ್ಣು ಒಣಗಿದ್ದಾಗ ಗೋಡೆಯ ಹಾಗೆ ನಿಂತಿರುತ್ತದೆ, ನೋಡಿದವರಿಗೆ ಧೈರ್ಯ ಬರುತ್ತದೆ. ಬಡಾವಣೆ ಮಾಡುವಾಗ ಮಟ್ಟಕ್ಕೆ ತುಂಬಿದ ಮಣ್ಣಿಗೆ ಆ ಬಿಗಿ ಇರುವುದಿಲ್ಲ. ಅದರ ಮೇಲೆ, ತೆಗೆದ ಮಣ್ಣನ್ನೆಲ್ಲ ಗುಂಡಿಯ ಅಂಚಿಗೇ ರಾಶಿ ಹಾಕಿದ್ದರು. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ. ಅಷ್ಟು ಭಾರ ಅಂಚಿನ ಮೇಲಿದ್ದು, ಅದರೊಳಕ್ಕೆ ಮಳೆ ನೀರು ಇಳಿದರೆ ಗೋಡೆ ನಿಲ್ಲುವುದಿಲ್ಲ. ಎದೆಮಟ್ಟ ಹೂತರೂ ಉಸಿರಾಡಲಾಗದು. ಆದ್ದರಿಂದಲೇ 1.5 ಮೀಟರಿಗಿಂತ ಆಳದ ಅಗೆತಕ್ಕೆ ಪಕ್ಕದ ಗೋಡೆಗೆ ಆಸರೆ ಕೊಡಬೇಕೆಂದು ಕಾಮಗಾರಿ ಸುರಕ್ಷತಾ ನಿಯಮಗಳು ಹೇಳುತ್ತವೆ. ನಮ್ಮ ಮಾತು ಇನ್ನೂ ಬಿಗಿ: ಭಾನುವಾರದ ಗುಂಪು ಸೊಂಟದ ಮಟ್ಟಕ್ಕಿಂತ ಕೆಳಗೆ ಇಳಿಯಲೇಬಾರದು.

ಇಂಗುಬಾವಿ ಎಂದರೆ ಸಾಮಾನ್ಯವಾಗಿ 3 ಅಡಿ ಅಗಲದ ಸಿಮೆಂಟ್ ರಿಂಗು, 20 ಅಡಿ ಆಳ. ರಿಂಗು ಕೂರಲು ಅಗೆಯಬೇಕಾದದ್ದು 4 ಅಡಿ ಅಗಲ. ಲೆಕ್ಕ ಹಾಕಿ ನೋಡಿ: ಸುಮಾರು 250 ಘನ ಅಡಿ ಮಣ್ಣು. ಅಗೆದ ಮೇಲೆ ಅದು ಉಬ್ಬಿ 300 ದಾಟುತ್ತದೆ. 100 ಘನ ಅಡಿಯ ಟ್ರ್ಯಾಕ್ಟರ್ ಟ್ರೇಲರಿಗೆ ಮೂರು ಲೋಡಿಗೂ ಹೆಚ್ಚು. ಈ ಮಣ್ಣು ಎಲ್ಲಿಗೆ ಹೋಗಬೇಕೆಂದು ಯಾರೂ ಮೊದಲೇ ಗೊತ್ತುಮಾಡಿರಲಿಲ್ಲ. ಅಂಚಿನಲ್ಲಿ ರಾಶಿ ಬಿದ್ದದ್ದು ಅದಕ್ಕೇ. ಈ ಕೆಲಸ ಬಾವಿ ತೋಡುವುದನ್ನೇ ಕಸುಬಾಗಿಸಿಕೊಂಡ ಮಣ್ಣು ವಡ್ಡರದು. ಸಡಿಲ ಮಣ್ಣಿದ್ದರೆ ಅವರು ಮೊದಲು ರಿಂಗು ಕೂರಿಸಿ, ಅದರ ಅಡಿಯ ಮಣ್ಣು ಬಿಡಿಸುತ್ತಾ ಇಳಿಸುತ್ತಾರೆ. ಒಳಗಿರುವವನ ಸುತ್ತ ಯಾವಾಗಲೂ ಸಿಮೆಂಟ್ ಇರುತ್ತದೆ. ತಲೆಮಾರುಗಳಿಂದ ಕೈಗೆ ಬಂದ ವಿದ್ಯೆಗೆ ಕೊಡುವ ಕೂಲಿಯನ್ನು ಉಳಿಸಹೋಗುವುದು ಉಳಿತಾಯವೇ ಅಲ್ಲ.

ಇನ್ನೊಂದು ಜಗಳ ಆಳುಗಳ ಲೆಕ್ಕದ್ದು. ಹಳ್ಳಿಯಲ್ಲಿ ಮುಯ್ಯಾಳು ನಡೆಯುವುದು ನಾಟಿಗೋ ಕೊಯ್ಲಿಗೋ. ಎಲ್ಲರ ಗದ್ದೆಯಲ್ಲೂ ಅದೇ ಕೆಲಸ, ಅದೇ ಹಂಗಾಮು, ಆಳಿಗೆ ಆಳು ತೀರಿಸಿಬಿಡುತ್ತಾರೆ. ನಗರದ ಸೈಟುಗಳಲ್ಲಿ ಹಾಗಿಲ್ಲ. ಮೊದಲ ಮನೆಗೆ ಬಾವಿ, ಕೊನೆಯ ಮನೆಗೆ ಎರಡು ತರಕಾರಿ ಮಡಿ. ರೂಢಿಯಿರುವ ಆಳು ದಿನಕ್ಕೆ 2ರಿಂದ 3 ಘನ ಮೀಟರ್ ಮಣ್ಣು ತೆಗೆಯುತ್ತಾನೆ, ವಾರವಿಡೀ ಕುರ್ಚಿಯಲ್ಲಿ ಕೂರುವವರು ಅದರ ಮೂರನೇ ಒಂದು ಪಾಲು ತೆಗೆದರೆ ಹೆಚ್ಚು. ದೊಡ್ಡ ಕೆಲಸ ಮಾಡಿಸಿಕೊಂಡವರು ಒಬ್ಬೊಬ್ಬರೇ ಬರುವುದು ಬಿಟ್ಟರು, ಕೊನೆಯ ಮನೆಗಳಿಗೆ ಆಳೇ ಸಿಗಲಿಲ್ಲ. ದಿನದ ಬದಲು ಗಂಟೆ ಬರೆದಿಡಿ. ಯಾರಿಗೂ ಎಂಟು ಗಂಟೆಗಿಂತ ಹೆಚ್ಚು ಸಾಲ ಬೆಳೆಯಲು ಬಿಡಬೇಡಿ. ಅಗೆಯಲಾರದ ಹಿರಿಯರು ಅಡುಗೆ ಮಾಡಿದರೆ, ಸಸಿ ಬೆಳೆಸಿಕೊಟ್ಟರೆ ಆ ಗಂಟೆಯೂ ಅಷ್ಟೇ ಬೆಲೆಯದು. ಮೆಲ್ಬರ್ನಿನಲ್ಲಿ 2006ರಿಂದ ನಡೆಯುತ್ತಿರುವ ಪರ್ಮಾಬ್ಲಿಟ್ಜ್ ಎಂಬ ಇಂಥದೇ ಏರ್ಪಾಟಿನಲ್ಲಿ, ಬೇರೆಯವರ ಮನೆಯಲ್ಲಿ ಕೆಲವು ಸಲ ದುಡಿದವರ ಮನೆಗೆ ಮಾತ್ರ ಗುಂಪು ಬರುತ್ತದೆ, ಅದೂ ನಕ್ಷೆ ತಯಾರಾದ ಮೇಲೆ. ಇದು ನಮಗೂ ಆದೀತು.

ನಕ್ಷೆ ಇಲ್ಲದೆ ಅಗೆದ ಇನ್ನೊಂದು ಮನೆಯಲ್ಲಿ ಪಿಕಾಸಿ ಹೋಗಿ ಬೋರ್‌ವೆಲ್ ಮೋಟರಿನ ಕೇಬಲ್ಲಿಗೆ ತಗುಲಿತು. ಸೈಟಿನೊಳಗಿನ ಕೇಬಲ್, ನೀರಿನ ಪೈಪು, ಒಳಚರಂಡಿ ಕೊಳವೆ ಎಲ್ಲಿದೆ ಎಂಬುದು ಮನೆಯವರಿಗೇ ಮರೆತಿರುತ್ತದೆ. ಅಗೆಯುವ ಮುನ್ನ ಮೇನ್ ಸ್ವಿಚ್ ಆಫ್ ಮಾಡಿ, ಮೊದಲ ಎರಡು ಅಡಿಯನ್ನು ಗುದ್ದಲಿಯಿಂದ ಹಗುರಾಗಿ ಕೆರೆದು ನೋಡಿ. ರಸ್ತೆಬದಿ ಅಗೆಯುವಂತಿಲ್ಲ, ಅದಕ್ಕೆ ಅನುಮತಿ ಬೇಕು.

ಇಂಗುಗುಂಡಿ ಮನೆಯ ಪಾಯದಿಂದ ದೂರವಿರಬೇಕು, ಆದರೆ ಮೂವತ್ತು ನಲವತ್ತರ ಸೈಟಿನಲ್ಲಿ 10 ಅಡಿ ದೂರ ಸಿಗುವುದೇ ಕಷ್ಟ. ಅಂಥ ಕಡೆ ಒಂದು ಮೀಟರ್ ಆಳದ ಇಂಗುಗುಂಡಿ ಪಾಯದ ಮಟ್ಟದಲ್ಲೇ ನೀರು ಬಿಡುತ್ತದೆ. ಹುಬ್ಬಳ್ಳಿ ಕಡೆಯ ಎರೆಮಣ್ಣಾದರೆ ಉಬ್ಬಿ, ಒಣಗಿದಾಗ ಸೀಳಿ, ಗೋಡೆಗೆ ಬಿರುಕು ತರುತ್ತದೆ. ಜಾಗವಿಲ್ಲದಿದ್ದರೆ ಮೊದಲು ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಮಳೆ ನೀರು ತುಂಬಿಸಿ. 1000 ಚದರಡಿ ಚಾವಣಿಗೆ 25 ಮಿ.ಮೀ. ಮಳೆ ಬಿದ್ದರೆ ಸೋರಿಕೆ ಕಳೆದು ಸುಮಾರು 2000 ಲೀಟರ್ ಬರುತ್ತದೆ. ಮೊದಲ 2 ಮಿ.ಮೀ. ಮಳೆಯ ನೀರನ್ನು ಹೊರಗೆ ಬಿಡಿ. ಧೂಳು, ಹಕ್ಕಿ ಹಿಕ್ಕೆ ಅದರಲ್ಲೇ ಇರುತ್ತದೆ. ಗುಂಡಿಯನ್ನು ಒಡೆದ ಇಟ್ಟಿಗೆ, ಗಾರೆ ಚೂರಿನಿಂದ ತುಂಬಿದ ಕಡೆಯೆಲ್ಲ ಬೇಗ ಹೂಳು ಕಟ್ಟಿತು. ತಳಕ್ಕೆ ದಪ್ಪ ಕಲ್ಲು, ಮೇಲೆ 40 ಮಿ.ಮೀ. ಜಲ್ಲಿ, ಆಮೇಲೆ 20 ಮಿ.ಮೀ., ಎಲ್ಲಕ್ಕೂ ಮೇಲೆ ಮರಳು. ಮರಳು ಮಾತ್ರ ಆಗಾಗ ತೆಗೆದು ತೊಳೆಯಬೇಕು. ಬಟ್ಟೆ ಒಗೆದ ನೀರನ್ನು ಇಂಗುಬಾವಿಗೆ ತಿರುಗಿಸಲು ಯಾರು ಹೇಳಿದರೂ ಒಪ್ಪಬೇಡಿ, ಅದು ಬಾಳೆಬುಡಕ್ಕೆ ಹೋಗಲಿ.

ತಾರಸಿ ಮಡಿಗಳ ಬಗ್ಗೆಯೂ ಅಷ್ಟೇ ಭಯವಿದೆ. ಒಂದಡಿ ದಪ್ಪದ ಒದ್ದೆ ಮಣ್ಣು ಚದರ ಮೀಟರಿಗೆ 500 ಕಿಲೋ ಹತ್ತಿರ ತೂಗುತ್ತದೆ. ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಹೊರೆಗೆ ಲೆಕ್ಕ ಹಾಕಿರುತ್ತಾರೆ. ಎಂಜಿನಿಯರ್ ನೋಡದೆ ಮಣ್ಣು ಹೊತ್ತು ಹತ್ತಿಸಬೇಡಿ.

ಗಾಯವಾದರೆ ಖರ್ಚು ಯಾರದೆಂದು ಮೊದಲೇ ಬರೆದುಕೊಳ್ಳಿ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಸಾವಿಗೆ, ಅಂಗವೈಕಲ್ಯಕ್ಕೆ ಹಣ ಕೊಡುತ್ತದೆ, ಮುರಿದ ಕಾಲಿನ ಆಸ್ಪತ್ರೆ ಬಿಲ್ಲಿಗೆ ಕೊಡುವುದಿಲ್ಲ. ಹೆಸರಿನಲ್ಲಿ ‘ಸಹಕಾರಿ’ ಎಂದಿಟ್ಟು ಉಪಕರಣಕ್ಕೆಂದು ಠೇವಣಿ ಕೇಳುವವರ ಬಳಿ ನೋಂದಣಿ ಸಂಖ್ಯೆ, ರಸೀದಿ ಎರಡನ್ನೂ ಕೇಳಿ.

ನಿಮ್ಮ ಮನೆಯಲ್ಲಿ ಈಗಾಗಲೇ ಅರ್ಧ ತೋಡಿದ ಗುಂಡಿ ಇದ್ದರೆ ಇವತ್ತೇ ಸುತ್ತ ಬೇಲಿ ಹಾಕಿ. ಅಂಚಿನ ಮಣ್ಣನ್ನು ದೂರಕ್ಕೆ ಸಾಗಿಸಲು ಬಾಂಡ್ಲಿ ಹಿಡಿದು ಗುಂಡಿಯ ಬದಿಗೆ ಹೋಗಬೇಡಿ, ರಾಶಿಯ ಹೊರಬದಿಯಿಂದಲೇ ಎಳೆದು ತೆಗೆಯಿರಿ. ಗುಂಡಿಯೊಳಕ್ಕೆ ನೀರು ಇಳಿಯದಂತೆ ಸುತ್ತ ಸಣ್ಣ ಕಾಲುವೆ ತೆಗೆದು, ಬಾವಿ ತೋಡುವವರು ಬಂದು ನೋಡುವವರೆಗೆ ಯಾರನ್ನೂ ಒಳಗೆ ಇಳಿಸಬೇಡಿ.